ಬಚ್ಚಲ ಬದಿಯ ಸಸಿ

ಸಾಯುವ ಮೊದಲು ಗಂಡ ನನ್ನಿಂದ ಮಾತು ತೆಗೆದುಕೊಂಡಿದ್ದ. “ಹಿತ್ತಲದಾಗ ಏನ ಹುಟ್ಟಿದ್ರೂ ಕೀಳಬ್ಯಾಡ, ನಾನೇ ಬಂದಿರ್ತೀನಿ.”

ನಮ್ಮಲ್ಲಿ ಸತ್ತವರು ಗಿಡವಾಗಿ ಬರುತ್ತಾರೆ. ಎಲೆಯ ಮೇಲೆ ಅವರ ಅಂಗೈ ಗೆರೆಗಳೇ ಇರುತ್ತವೆ. ಗುರುತಿಗೆ ಬೇಕೆಂದು ಬದುಕಿರುವಾಗಲೇ ಎಲ್ಲರೂ ಹಿತ್ತಲ ಗೋಡೆಗೆ ಮಸಿಯಲ್ಲಿ ಕೈ ಒತ್ತಿರುತ್ತೇವೆ.

ಎಷ್ಟೋ ವರ್ಷಗಳ ಮೇಲೆ, ಈ ಭಾನುವಾರ ಪಾತ್ರೆ ತಿಕ್ಕುವಾಗ ಹಿತ್ತಲ ಬಚ್ಚಲ ಬದಿಯಲ್ಲಿ ಒಂದು ಸಸಿ ಕಂಡಿತು. ಪಕ್ಕದ ಮನೆಯ ಶಿವಲೀಲಕ್ಕನನ್ನು ಕರೆದೆ. ಅವಳು ಎಲೆ ನೋಡಿದಳು, ಗೋಡೆ ನೋಡಿದಳು.

“ಇದು ನಿನ್ನ ಗಂಡ ಅಲ್ಲವ್ವಾ. ನಿನ್ನ ಬಾಯಿಗೆ ಹೆದರ್ಯಾನ,” ಎಂದು ನಕ್ಕಳು. ಆಮೇಲೆ ಅವಳ ಬೆರಳು ಗೋಡೆಯ ಕೆಳಗಿನ ಪುಟ್ಟ ಕೈಗುರುತಿನ ಮೇಲೆ ನಿಂತಿತು. “ಅವೇ ಗೆರಿ. ನಿನ್ನ ಮಗಳು ತನುಜಾ ಎಲ್ಲದಾಳ?”

“ಒಳಗ. ಚಪಾತಿ ತಿನ್ನಾಕತ್ತಾಳ.”

“ಹಂಗಾರ ಇದನ್ನ ಕಿತ್ತ ಒಗಿ, ಲಗೂನ!”

ಬುಡ ಹಿಡಿದು ಎಳೆದೆ. ಒಳಗಿನಿಂದ ಮಗಳು ಚೀರಿದಳು. “ಅವ್ವಾ, ಯಾರೋ ನನ್ನ ಕಾಲ ಜಗ್ಗಾಕತ್ತಾರ!”

ಕೈ ಬಿಟ್ಟೆ. ಶಿವಲೀಲಕ್ಕ ಹೊರಟುಹೋದಳು. ಸಡಿಲವಾಗಿದ್ದ ಮಣ್ಣನ್ನು ಮೆಲ್ಲಗೆ ಒತ್ತಿ, ಒಂದು ತಂಬಿಗೆ ನೀರು ಹಾಕಿದೆ.

ಗಂಡನಿಗೆ ಕೊಟ್ಟ ಮಾತು ಉಳಿಯಿತು. ಗಿಡ ಕೀಳಲಿಲ್ಲ.