ಅಜ್ಜಿಯ ತೂಕ

ಅಜ್ಜಿ ತೂಕದ ಯಂತ್ರ ಹತ್ತಿದಾಗ ಮುಳ್ಳು ನಲವತ್ತರ ಆಸುಪಾಸಿನಲ್ಲಿ ಓಲಾಡಿತು. ಪ್ರವಾಸದಲ್ಲಿ ಆಫ್ರಿಕಾ ತಲುಪಿದ ಮೇಲೆ ಅಲ್ಲಿನ ಉಪ್ಪಿನ ಬಯಲಿಗೆ ಹಾರುವ ವಿಮಾನ ತೀರಾ ಪುಟ್ಟದು. ಹೋಗುವವರ ತೂಕವನ್ನು ಮೊದಲೇ ಬರೆದು ಕಳಿಸಬೇಕು. ಮಗ, ಸೊಸೆ, ಮೊಮ್ಮಗಳದ್ದು ಬರೆದಾಗಿತ್ತು. ಅಜ್ಜಿಯನ್ನು ಯಾರೂ ಕರೆದಿರಲಿಲ್ಲ.

“ಮಂಡಿ ಆಪರೇಷನ್ ಆದ್ಮೇಲೆ ಒಂದಿನಾನೂ ಕೋಲು ಬಿಟ್ಟಿಲ್ಲ ನೀನು. ಇಳಿಯಮ್ಮಾ,” ಎಂದ ಮಗ.

“ಕೋಲು ಊರ್ಕೊಂಡ್ರೆ ತೂಕ ಕಮ್ಮಿ ತೋರ್ಸುತ್ತೆ ಅಜ್ಜಿ,” ಎಂದು ಮೊಮ್ಮಗಳು ನಕ್ಕಳು.

ಅಜ್ಜಿಗೆ ರೇಗಿತು. ನಲವತ್ತು ವರ್ಷ ದಿನಸಿ ಅಂಗಡಿ ನಡೆಸಿದವಳು. ತಕ್ಕಡಿಗೆ ಬೆರಳು ತಾಗಿಸಿದ್ದಕ್ಕೆ ಕಟ್ಟಿಕೊಂಡ ಗಂಡನನ್ನೇ ಒಂದು ತಿಂಗಳು ಅಂಗಡಿಗೆ ಸೇರಿಸದವಳು.

“ನಾನು ತೂಕದಲ್ಲಿ ಮೋಸ ಮಾಡ್ತೀನಾ?” ಎಂದು ಕೋಲನ್ನು ಮಗನ ಕೈಗೆ ತುರುಕಿದಳು. ಮಂಡಿ ಒಮ್ಮೆ ನಡುಗಿ ಗಟ್ಟಿಯಾಗಿ ನಿಂತಿತು. ಮುಳ್ಳೂ ನಿಂತಿತು.

“ಐವತ್ತೊಂದು. ಬರ್ಕೋ.”

ಮಗ ಕೋಲನ್ನು ಗೋಡೆಗೆ ಒರಗಿಸಿ ಪೆನ್ನು ಎತ್ತಿಕೊಂಡ.