ತವುಡಿಗೆ ಕೊಂಡ ಕೂಸು

"ಈ ಕೂಸು ಯಾರದು?" ಎಂದು ಗುಮಾಸ್ತ ಮುದ್ದಯ್ಯ ಕೇಳಿದ.

ಹೊಂಬಾಳಮ್ಮ ಕಂಕುಳಲ್ಲಿದ್ದ ಮಗುವನ್ನು ಸೆರಗಿನಿಂದ ಮುಚ್ಚಿಕೊಂಡು, "ನಂದಲ್ಲ ಸಾಮಿ" ಎಂದಳು.

ಮದ್ದೂರಿನ ಛತ್ರವೊಂದರ ಜಗಲಿಯಲ್ಲಿ ಹಾಲಿನ ಪುಡಿ ಹಂಚುತ್ತಿದ್ದರು. ಯುದ್ಧ ನಡೆಯುತ್ತಿತ್ತು, ರಾಗಿಗೂ ರೇಷನ್ ಚೀಟಿ ಬಂದಿತ್ತು. ಬಡ ಬಸುರಿಯರಿಗೂ ವರ್ಷ ತುಂಬದ ಮಕ್ಕಳ ತಾಯಂದಿರಿಗೂ ವಾರಕ್ಕೊಂದು ಪೊಟ್ಟಣ ಧರ್ಮಕ್ಕೆ ಸಿಗುತ್ತಿತ್ತು. ಹೋದ ವಾರ ಒಂದೇ ದುಂಡು ಮಗು ಮೂರು ಹೆಂಗಸರ ಸೊಂಟ ಏರಿ ಬಂದು ಮೂರು ಪೊಟ್ಟಣ ಒಯ್ದಿತ್ತು. ಮೇಲಿನವರು ಮುದ್ದಯ್ಯನಿಗೆ ಛೀಮಾರಿ ಹಾಕಿದ್ದರು. ಅಂದಿನಿಂದ ತಾಯಿಯಾದವಳು ತನ್ನ ಬಾಯಲ್ಲೇ 'ಕೂಸು ನನ್ನದು' ಎಂದು ಹೇಳಿ ಹೆಬ್ಬೆಟ್ಟು ಒತ್ತಿದರಷ್ಟೇ ಹಾಲು.

"ನಿಂದಲ್ಲದಿದ್ರೆ ಮತ್ಯಾರ್ದು?"

"ಸುಲ್ತಾನಕ್ಕಂದು."

ಪಕ್ಕದಲ್ಲಿ ನಿಂತಿದ್ದ ಸುಲ್ತಾನ್ ಬೀಗೆ ಅರವತ್ತು ದಾಟಿತ್ತು, ತಲೆ ಪೂರ್ತಿ ಬೆಳ್ಳಗಾಗಿತ್ತು. ಆದರೂ ಸಾಲಿನಲ್ಲಿದ್ದ ಹೆಂಗಸರು ಯಾರೂ ನಗಲಿಲ್ಲ. ಅವರಿಗೆಲ್ಲ ಗೊತ್ತಿತ್ತು. ಹೊಂಬಾಳಮ್ಮನ ಮೊದಲೆರಡು ಮಕ್ಕಳು ಮೂರು ತಿಂಗಳು ಕಾಣದೆ ಮಣ್ಣಾಗಿದ್ದವು. ಹಾಗಾಗಿ ಈ ಮೂರನೆಯದನ್ನು ಹುಟ್ಟಿದ ದಿನವೇ ಮೊರದಲ್ಲಿಟ್ಟು ಪಕ್ಕದ ಮನೆಯ ಸುಲ್ತಾನ್ ಬೀಗೆ ಕೊಟ್ಟುಬಿಟ್ಟಿದ್ದಳು. ಆಮೇಲೆ ಒಂದು ಸೇರು ತವುಡು ಅಳೆದುಕೊಟ್ಟು ಅವಳಿಂದಲೇ ಕೊಂಡುಕೊಂಡಿದ್ದಳು. ತವುಡಮ್ಮ ಎಂದೇ ಹೆಸರಿಟ್ಟಿದ್ದಳು. ವರ್ಷ ತುಂಬುವ ತನಕ ಹೆತ್ತವಳು ಅದನ್ನು ನನ್ನದು ಎನ್ನಬಾರದು. ಹಾಗೆಂದರೆ ಸಾವಿನ ಕಿವಿಗೆ ಬೀಳುತ್ತದೆ, ಇದನ್ನೂ ಒಯ್ಯುತ್ತದೆ.

"ಇವ್ಳ ಒಟ್ಟೇಲೇ ಉಟ್ಟೈತೆ ಸಾಮಿ, ನಾನೇ ಬಾಣಂತನ ಮಾಡಿವ್ನಿ" ಎಂದು ಸುಲ್ತಾನ್ ಬೀ ಮುಂದೆ ಬಂದಳು. "ಅವ್ಳ ಬಾಯಲ್ಲಿ ಆಡುಸ್ಬ್ಯಾಡಿ. ನನ್ನ ಎಬ್ಬೆಟ್ಟು ಒತ್ತುಸ್ಕಳಿ."

ಮುದ್ದಯ್ಯನಿಗೆ ಇದು ತಿಳಿಯದ್ದೇನಲ್ಲ. ಅವನ ಒಡಹುಟ್ಟಿದ ಅಣ್ಣನನ್ನೇ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು ಬಂದು, ತಿಪ್ಪಯ್ಯ ಎಂದು ಕರೆದಿದ್ದರು. ಆದರೆ ತಿಳಿದೂ ತಿಳಿಯದವರಂತೆ ಕೂರಬಲ್ಲವರಿಗೇ ಅಂಥ ಕುರ್ಚಿ ಸಿಗುವುದು.

"ಗೊತ್ತು ಕಣಮ್ಮ. ಅಜ್ಜಿ ಹೆಬ್ಬೆಟ್ಟಿಗೆ ಹಾಲು ಕೊಟ್ರೆ ನನ್ನನ್ನ ಮನೆಗೆ ಕಳಿಸ್ತಾರೆ. ಒಂದೇ ಮಾತು. ನಂದು ಅನ್ನು, ತಗೊಂಡು ಹೋಗು."

ಹೊಂಬಾಳಮ್ಮ ಬರಿಗೈಯಲ್ಲಿ ಹಿಂದಿರುಗಿದಳು. ಮುಂದಿನ ವಾರವೂ ಹಾಗೆಯೇ ಹಿಂದಿರುಗಿದಳು. ಪಟಾಲಮ್ಮಿಗೆ ಸೇರಿ ಯುದ್ಧಕ್ಕೆ ಹೋದ ಗಂಡನಿಂದ ಕಾಗದವಿರಲಿಲ್ಲ. ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತು ಬಂದು ಅವಳು ಕುಡಿಯುತ್ತಿದ್ದುದು ರಾಗಿ ಅಂಬಲಿ, ಅದೂ ಒಂದೇ ಹೊತ್ತು. ಎದೆಹಾಲು ಬತ್ತಿತು. ಬೆಲ್ಲದ ನೀರು ಚೀಪಿ ಚೀಪಿ ತವುಡಮ್ಮ ಅಳುವುದನ್ನೂ ಬಿಟ್ಟಳು. ಅಳದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುವುದು ಎಂಥ ಭಯವೆಂದು ಕೂತವರಿಗೇ ಗೊತ್ತು.

"ನಂದು ಅಂದ್ರೆ ಸಾವು ಎತ್ಕೊಂಡೋಯ್ತದೆ, ಅನ್ದಿದ್ರೆ ಅಸಿವು ಎತ್ಕೊಂಡೋಯ್ತದೆ. ನಾನೇನ್ ಮಾಡ್ಲಿ ಸುಲ್ತಾನಕ್ಕ?"

"ಅಸಿವು ಕಣ್ಣಿಗೆ ಕಾಣ್ತಾ ಐತಲ್ಲವ್ವ" ಎಂದಳು ಸುಲ್ತಾನ್ ಬೀ. "ಮೊದ್ಲು ಅದುನ್ನ ನೋಡು."

ಮೂರನೆಯ ವಾರ ಹೊಂಬಾಳಮ್ಮ ಕೂಸಿನ ಒಂದು ಕಿವಿಯನ್ನು ಎದೆಗೆ ಒತ್ತಿ, ಇನ್ನೊಂದನ್ನು ಅಂಗೈಯಲ್ಲಿ ಮುಚ್ಚಿ, ನೆಲ ನೋಡುತ್ತ, "ನಂದು" ಎಂದಳು.

"ಜೋರಾಗಿ ಹೇಳಮ್ಮ."

"ನಂದೇ ಕಣ್ಸಾಮಿ! ನನ್ನೊಟ್ಟೇಲಿ ಉಟ್ಟಿದ್ದು!"

ಸಾಲಿಗೆ ಸಾಲೇ ತಿರುಗಿ ನೋಡಿತು. ಸುಲ್ತಾನ್ ಬೀ "ಯಾ ಅಲ್ಲಾ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುದ್ದಯ್ಯ ಹೊಂಬಾಳಮ್ಮನ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಪುಸ್ತಕಕ್ಕೆ ಒತ್ತಿಸಿ, ಪೊಟ್ಟಣ ಕೊಟ್ಟ. ಸದ್ಯ, ಮುಗಿಯಿತಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಅದಾಗಿ ಮೂರನೆಯ ದಿನ ಮಧ್ಯಾಹ್ನ ಅವನು ಛತ್ರದ ಬಾಗಿಲು ಹಾಕುವ ಹೊತ್ತಿಗೆ ಹೊಂಬಾಳಮ್ಮ ಓಡಿ ಬಂದಳು. ಕಂಕುಳಲ್ಲಿ ಕೂಸಿರಲಿಲ್ಲ. ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ನಾಲ್ಕು ಚಮಚದಷ್ಟೂ ಖರ್ಚಾಗಿರಲಿಲ್ಲ.

"ಕುಡಿಸಿದ್ನೆಲ್ಲ ಕಕ್ಬುಡ್ತು ಸಾಮಿ. ಬೇದಿ ನಿಲ್ತಾ ಇಲ್ಲ. ಮೈ ತಣ್ಣಗಾಯ್ತಾ ಐತೆ."

"ಹದಿನೈದು ದಿವಸ ಒಣಗಿದ ಹೊಟ್ಟೆ ಕಣಮ್ಮ, ಅದಕ್ಕೇ ಹಂಗಾಗಿರೋದು. ಆಸ್ಪತ್ರೆಗೆ ಎತ್ಕೊಂಡು ಓಡೋದು ಬಿಟ್ಟು ಇಲ್ಲಿಗ್ಯಾಕೆ ಬಂದೆ?"

"ಆಸ್ಪತ್ರೆ ಜಗುಲೀಲೇ ಐತೆ, ಸುಲ್ತಾನಕ್ಕನ ಮಡ್ಲಲ್ಲಿ. ಡಾಕುಟ್ರು ಕೈ ಚೆಲ್ಲುದ್ರು."

ಅವಳು ಬಲಗೈಯನ್ನು ಅವನ ಮುಂದೆ ಚಾಚಿದಳು. ಕಲ್ಲಿಗೆ ಉಜ್ಜಿ ಉಜ್ಜಿ ಹೆಬ್ಬೆಟ್ಟಿನ ಚರ್ಮ ಕಿತ್ತು ರಕ್ತ ಒಸರುತ್ತಿತ್ತು.

"ನನ್ ಕೈ ಮಸಿ ನಾನು ತೆಗ್ದಿವ್ನಿ. ನಿಮ್ ಪುಸ್ತಕದಲ್ಲಿರೋದ್ನ ನೀವು ಒಡ್ದಾಕಿ. ಈ ಕೂಸು ನಂದಲ್ಲ ಅಂತ ಬರ್ಕಳಿ."

ಮುದ್ದಯ್ಯ ಪುಸ್ತಕ ತೆರೆದು ಲೇಖನಿ ಕೈಗೆತ್ತಿಕೊಂಡ. ಹಾಳೆ ತಿರುವಿ ಅವಳ ಹೆಬ್ಬೆಟ್ಟಿನ ಗುರುತು ಹುಡುಕತೊಡಗಿದ.

"ಬಿರ್ನೆ ಬರೀರಿ ಸಾಮಿ" ಎಂದು ಹೊಂಬಾಳಮ್ಮ ಅವನ ಕೈ ಹಿಡಿದುಕೊಂಡಳು. "ಇನ್ನೂ ಉಸ್ರೈತೆ."