ಗುಡ್ಡದ ಮ್ಯಾಲಿನ ಊರು

ಹಳೆಯ ಸೀರೆಗಳ ಕೌದಿಯ ವಾಸನೆ ಬಂದರೆ ಇಂದಿಗೂ ನನಗೆ ಚಪಳಗಾಂವದ ಆ ಮಧ್ಯಾಹ್ನ ನೆನಪಾಗುತ್ತದೆ.

ಗಂಡನ ಮನೆಯಿಂದ ಒಬ್ಬಳೇ ಬಂದಿದ್ದ ಸೋದರತ್ತೆ ಅಜ್ಜಿಯ ಜೊತೆ ಕೌದಿ ಹೊಲಿಯುತ್ತಿದ್ದಳು. ನಾನಾಗ ಬೆಟ್ಟವನ್ನೇ ಕಂಡವಳಲ್ಲ. ಅತ್ತೆ ಕೌದಿಯನ್ನು ಮೇಲೆತ್ತಿ ಗುಡ್ಡ ಮಾಡಿ, ಅದರ ತುದಿಯಲ್ಲೊಂದು ಊರು ತೋರಿಸಿದಳು.

“ಅಲ್ಲಿ ಮೋಡ ಮನಿಯಾಗ ಬಂದು ಕುಂಡರ್ತಾವು.”

“ಬಾಗಲಾ ಹಾಕ್ಕೊಳ್ಳೂದಿಲ್ಲೇನ?” ಎಂದೆ.

“ಒಳಗಿಂದ ಹಾಕ್ಕೋತಾರ. ಹೊರಗಿಂದ ಯಾರೂ ಕೊಂಡಿ ಹಾಕೂದಿಲ್ಲ.”

“ಮಂದಿ ಒಳಗಿದ್ರ ಹೊರಗಿಂದ ಯಾಕ ಹಾಕ್ತಾರ, ಅತ್ತಿ?”

ಅಜ್ಜಿಯ ಸೂಜಿ ನಿಂತಿತು. ಅವಳು ಮಗಳ ಮುಖವನ್ನೇ ಬಹಳ ಹೊತ್ತು ನೋಡಿದಳು.

ಸಂಜೆ ಅತ್ತೆಯ ಗಂಡ ಅವಳನ್ನು ಕರೆದೊಯ್ಯಲು ಎತ್ತಿನ ಗಾಡಿ ಕಟ್ಟಿಕೊಂಡು ಬಂದ. ಅಜ್ಜಿ ಹೊಸ್ತಿಲ ಮೇಲೆ ಬಂದು ನಿಂತಳು.

“ಚಾ ಕುಡದು ಹೋಗ್ರಿ,” ಎಂದಳು. “ಆಕಿ ಬರೂದಿಲ್ಲ.”